ಅತ್ತೆಯ ವಿಚಾರಣೆ ನಡೆದ ಸಂಜೆ

ನಮ್ಮ ನಾಟಕಕ್ಕೆ ವೇದಿಕೆಯಿಲ್ಲ, ಪರದೆಯಿಲ್ಲ, ಮದುಮಗನೂ ಇಲ್ಲ. ಮದುಮಗ ಇಲ್ಲದಿರುವುದೇ ನಾಟಕ. ನೋಡಲು ಬಂದವರೆಲ್ಲ ಮದುವೆಗೆ ಬಂದ ನೆಂಟರು. ತಾಳಿ ಕಟ್ಟುವ ಹೊತ್ತಿಗೆ ಹುಡುಗ ಕಾಣೆಯಾಗುತ್ತಾನೆ. ಒಬ್ಬ ಲೇಡಿ ಇನ್‌ಸ್ಪೆಕ್ಟರ್ ಮತ್ತು ಅವಳ ಕಿವಿ ಮಂದವಾದ ಕಾನ್‌ಸ್ಟೇಬಲ್ ಬಂದು ನೆಂಟರನ್ನೇ ವಿಚಾರಣೆಗೆ ಹಿಡಿಯುತ್ತಾರೆ. ಆ ಕಿವುಡ ಕಾನ್‌ಸ್ಟೇಬಲ್ ನಾನು. ನಾಟಕ ಬರೆದವನೂ ಆಡಿಸುವವನೂ, ಎಲ್ಲ ಮುಗಿದ ಮೇಲೆ ಕೂತು ವೈರು ಸುತ್ತುವವನೂ ನಾನೇ. ಹಗಲು ಹೊತ್ತು ಬೀದರದಲ್ಲಿ ಲಗ್ನಪತ್ರಿಕೆ ಮುದ್ರಿಸುತ್ತೇನೆ. ಹೀಗಾಗಿ ನಮ್ಮ ಟಿಕೆಟ್ಟಿಗೂ ಲಗ್ನಪತ್ರಿಕೆಯದೇ ರೂಪ, ಮೂಲೆಗೆ ಅರಿಸಿಣ ಸಹಿತ.

ಬೀದರದ ಮೊದಲ ಪ್ರದರ್ಶನ ಮಕಾಡೆ ಮಲಗಿತು. ಜನ ಬಂದರು, ಸಾಲಾಗಿ ಕೂತರು, ಕೈ ಕಟ್ಟಿಕೊಂಡರು. ಇನ್‌ಸ್ಪೆಕ್ಟರ್ ಹೋಗಿ ಪ್ರಶ್ನೆ ಕೇಳಿದರೆ ಸಭ್ಯವಾಗಿ ನಕ್ಕು ಪಕ್ಕದವರನ್ನು ತೋರಿಸಿದರು. ಪಕ್ಕದವರು ಅವರ ಪಕ್ಕದವರನ್ನು ತೋರಿಸಿದರು. ಪ್ರಶ್ನೆ ಹೀಗೆ ಇಡೀ ಸಾಲು ಸುತ್ತಿ ನನ್ನ ಬಳಿಗೇ ವಾಪಸು ಬಂತು. ಎಲ್ಲರೂ ಸೇರಿ ಆಡುವ ನಗೆನಾಟಕ ಎಂದು ದಪ್ಪಕ್ಷರದಲ್ಲಿ ಅಚ್ಚು ಹಾಕಿದ್ದೆ. ಆಡಿದವರು ನಾವಿಬ್ಬರು ಪೊಲೀಸರೇ, ನಕ್ಕವನು ನಾನೊಬ್ಬನೇ, ಅದೂ ಹೊಟ್ಟೆಯುರಿಯಿಂದ.

ದಾರಿ ತೋರಿಸಿದವಳು ಇನ್‌ಸ್ಪೆಕ್ಟರ್ ಪಾತ್ರದ ಹುಡುಗಿ. ಬೀದರದ ಒಂದು ಕ್ಲಿನಿಕ್ಕಿನಲ್ಲಿ ರಕ್ತ ಪರೀಕ್ಷೆ ಮಾಡುತ್ತಾಳೆ. ದಿನವಿಡೀ ಹೆದರಿದ ಜನರ ತೋಳು ಹಿಡಿದು ಮಾತಾಡಿಸುವ ಕೆಲಸವಾದ್ದರಿಂದ, ಯಾರ ಬಾಯಿ ಹೇಗೆ ಬಿಡಿಸಬೇಕೆಂದು ಅವಳಿಗೆ ನನಗಿಂತ ಚೆನ್ನಾಗಿ ಗೊತ್ತು.

"ಸರ್, ಬಾಗಿಲದಾಗ ಎರಡು ಭಾಗ ಮಾಡ್ರಿ. ಈ ಕಡಿ ಗಂಡಿನವರು, ಆ ಕಡಿ ಹೆಣ್ಣಿನವರು. ಚಾ ಮೊದಲ ಗಂಡಿನವರಿಗೆ ಕೊಡ್ರಿ. ಹೆಣ್ಣಿನವರಿಗೆ ಜರಾ ಲೇಟ್ ಮಾಡ್ರಿ. ಆಮ್ಯಾಲ ಅವರನ್ನ ಮಾತಾಡ್ಸೋದು ಬ್ಯಾಡ್ರಿ, ಅವರ ಬಾಯಿ ಮುಚ್ಚಸೋದೇ ನಮ್ಮ ಕೆಲಸ."

ನಾನು ಅನುಮಾನದಿಂದಲೇ ಒಪ್ಪಿದೆ. ಮುಂದಿನ ವಾರ ಅದೇ ಬೀದರದಲ್ಲಿ ಮಾಡಿ ನೋಡಿದರೆ, ಟಿಕೆಟ್ ತೋರಿಸಿ ಎಡಕ್ಕೆ ಹೋಗಿ ಕೂತ ಒಬ್ಬ ನಿವೃತ್ತ ಮೇಷ್ಟ್ರು, ಅಲ್ಲಿಯವರೆಗೆ ಯಾವ ಹೆಣ್ಣಿನ ಕಡೆಯವರೂ ಅಲ್ಲದವರು, ಎದ್ದು ನಿಂತು, "ನಮ್ಮ ಹುಡುಗಿ ಕೊಟ್ಟೇವಿ ಅಂತ ನಮ್ಮ ಇಜ್ಜತ್ ಕೊಟ್ಟೇವೇನ್ರಿ? ಚಾ ಎಲ್ಲದ?" ಎಂದು ಗುಡುಗಿದರು. ಬಲಗಡೆಯವರು, "ನಮ್ಮ ಹುಡುಗನೇ ಇಲ್ಲ, ನಿಮಗ ಚಾದ ಚಿಂತಿ" ಎಂದರು. ನಾನು ಆ ಗಲಾಟೆಯ ನಡುವೆ ಮೈಕು ಹಿಡಿದು ಸುಖವಾಗಿ ನಿಂತಿದ್ದೆ. ಬರೆದ ಸಂಭಾಷಣೆಯಲ್ಲಿ ಅರ್ಧ ಅಲ್ಲೇ ಹೊಡೆದು ಹಾಕಿದೆ.

ಉಳಿದ ಕಾಯಿದೆಗಳನ್ನೂ ಆಗಲೇ ಕೂಡಿಸಿದ್ದು. ನಮ್ಮ ಹತ್ತಿರ ವೈರಿಲ್ಲದ ಮೈಕು ಒಂದೇ. ಅದನ್ನು ನೆಂಟರ ಬಾಯಿಗೆ ಹಿಡಿದರೆ ಅವರು ಹಾವು ಕಂಡಂತೆ ಹಿಂದೆ ಸರಿಯುತ್ತಾರೆ, ಉತ್ತರ ಹಿಂದಿನ ಸಾಲಿಗೆ ಮುಟ್ಟುವುದಿಲ್ಲ. ಅದಕ್ಕೇ ಕಾನ್‌ಸ್ಟೇಬಲ್‌ನನ್ನು ಕಿವುಡ ಮಾಡಿದೆ. ನೆಂಟರು ಏನೇ ಹೇಳಲಿ, "ಏನಂದ್ರಿ ಮೇಡಂ? ಕೇಳಸಲಿಲ್ರಿ" ಎನ್ನುವುದು ನನ್ನ ಪಾಲಿನ ಮಾತು. ಇನ್‌ಸ್ಪೆಕ್ಟರ್ ನಾನು ಹಿಡಿದ ಮೈಕಿನಲ್ಲಿ ಅದನ್ನೇ ಗಟ್ಟಿಯಾಗಿ ಹೇಳುತ್ತಾಳೆ. ಜನ ನನ್ನ ಕಿವುಡಿಗೆ ನಗುತ್ತಾರೆ, ಕೊನೆಯ ಕುರ್ಚಿಯವರಿಗೂ ಉತ್ತರ ತಲುಪುತ್ತದೆ.

ಇನ್ನೊಂದು, ಹಳದಿ ದಾರ. ಮುಖ್ಯ ಸಾಕ್ಷಿ ಯಾರು ಎಂಬುದನ್ನು ನಾವು ಆರಿಸುವುದಿಲ್ಲ. ಆರಿಸಿದರೆ ಬೇಕಂತಲೇ ನಮ್ಮನ್ನು ಹಿಡಿದರು ಎಂಬ ಮುನಿಸು ಊರಲ್ಲಿ ಉಳಿಯುತ್ತದೆ. ಹೆಣ್ಣಿನ ಕಡೆಯ ಒಂದು ಕುರ್ಚಿಯ ಕೆಳಗೆ ಹಳದಿ ದಾರ ಕಟ್ಟಿ, ಕುರ್ಚಿಗಳನ್ನು ಬೆರೆಸಿ ಸಾಲು ಹಾಕುತ್ತೇನೆ. ನಾಟಕದ ನಡುವೆ ಆ ಕಡೆಯವರೆಲ್ಲ ಕುರ್ಚಿಯ ಕೆಳಗೆ ಕೈಯಾಡಿಸಬೇಕು. ದಾರ ಸಿಕ್ಕವರಿಗೆ ಮೂರು ಪ್ರಶ್ನೆ: ಹೆಸರು, ಊರು, ಗಂಡನ ಅಥವಾ ಹೆಂಡತಿಯ ಹೆಸರು. ಯಾರಾದರೂ ನಿಜವಾಗಿ ಕಂಗಾಲಾದರೆ ನಾನು ಎರಡು ಸಲ ಕೆಮ್ಮುತ್ತೇನೆ, ಇನ್‌ಸ್ಪೆಕ್ಟರ್ ಆ ದೃಶ್ಯ ಬಿಟ್ಟು ಮುಂದೆ ಹೋಗುತ್ತಾಳೆ. ಬೀದರದಲ್ಲಿ ದಾರ ಸಿಕ್ಕಿದ್ದು ಕಾಲೇಜು ಹುಡುಗಿಗೆ. ಗಂಡನ ಹೆಸರು ಕೇಳಿದರೆ, "ಇನ್ನೂ ಇಲ್ರಿ ಮೇಡಂ, ನಿಮ್ಮ ನಜರಿನಾಗ ಯಾರರೆ ಇದ್ದರ ಹೇಳ್ರಿ" ಎಂದು ಚಪ್ಪಾಳೆ ಹೊಡೆಸಿಕೊಂಡಳು. ಕೆಮ್ಮುವ ಪ್ರಸಂಗವೇ ಬರಲಿಲ್ಲ.

ಭಾಲ್ಕಿಯಲ್ಲಿ ಬೇರೆ ಪೆಟ್ಟು ಬಿತ್ತು. ನಮ್ಮ ಮದುಮಗ ನಿಜಜೀವನದಲ್ಲಿ ಬಸ್ ಕಂಡಕ್ಟರ್. ಮೊದಲಿನಿಂದಲೂ ಅವನನ್ನು ನೆಂಟರ ನಡುವೆಯೇ ಮಫ್ಲರ್ ಸುತ್ತಿ ಕೂರಿಸುತ್ತಿದ್ದೆವು, ಕೊನೆಯಲ್ಲಿ ಎದ್ದು ನಿಂತು ಎಲ್ಲರನ್ನೂ ಬೆಚ್ಚಿಬೀಳಿಸಬೇಕು. ಅವನು ದಿನಾ ಓಡಾಡುವುದು ಬೀದರ-ಭಾಲ್ಕಿ ಗಾಡಿಯಲ್ಲೇ ಎಂಬುದು ನನ್ನ ತಲೆಗೆ ಹೊಳೆಯಲೇ ಇಲ್ಲ. ಇನ್‌ಸ್ಪೆಕ್ಟರ್ ಇನ್ನೂ ಒಳಗೆ ಕಾಲಿಟ್ಟಿರಲಿಲ್ಲ, ಒಬ್ಬ ಹೆಂಗಸು ಕೂಗಿದಳು:

"ಏ, ಇವರು ನಮ್ಮ ಬೀದರ ಗಾಡಿ ಕಂಡಕ್ಟರ್ ಅಲ್ಲೇನ್ರಿ! ದಿನಾ ನಮಗ ಒಳಗ ಸರೀರಿ, ಒಳಗ ಸರೀರಿ ಅಂತಾರ, ಇಲ್ಲಿ ತಾವು ಮೂಲಿಗಿ ಕುಂತಾರ ನೋಡ್ರಿ!"

ಅಲ್ಲಿಗೆ ಕಾಣೆಯಾದವನು ಸಿಕ್ಕ. ಉಳಿದ ನಾಟಕವಿಡೀ ಜನ ಅವನನ್ನು ಬಸ್ಸಿನ ವಿಷಯಕ್ಕೆ ತರಾಟೆಗೆ ತೆಗೆದುಕೊಂಡರು. ಹುಡುಗಿ ಚುರುಕಾಗಿ, ಮೇಜಿನ ಮೇಲೆ ಲಾಠಿ ಕುಟ್ಟಿ, ಪ್ರಯಾಣಿಕರ ದೂರುಗಳನ್ನೇ ಕೇಸು ಮಾಡಿಕೊಂಡು ಸಂಜೆಯನ್ನು ಉಳಿಸಿದಳು. ದೂರು ಹೇಳಲು ಎದ್ದ ಗಂಡಸರನ್ನು ಗದರಿಸಿ ಸಾಲಾಗಿ ನಿಲ್ಲಿಸಿದಳು. ಯಾರೋ ಅದನ್ನು ಫೋನಿನಲ್ಲಿ ಹಿಡಿದರು. ಆ ವಿಡಿಯೊ ಕೈಯಿಂದ ಕೈಗೆ ಹೋಗಿ ಔರಾದ ತಾಲ್ಲೂಕಿನ ಡಾಬಕಾಕ್ಕೂ ಮುಟ್ಟಿತು. ಡಾಬಕಾದಲ್ಲಿ ಅವಳ ಅತ್ತೆ ಮಾವ ಇದ್ದಾರೆ. ಕುರಿ, ಒಂದಿಷ್ಟು ಹೊಲ, ತಲೆತಲಾಂತರದಿಂದ ಅದೇ ಊರು.

ಮೂರನೆಯ ಊರು ಔರಾದ ಎಂದು ಗೊತ್ತುಮಾಡಿ, ಪತ್ರಿಕೆಯೂ ಅಚ್ಚಾದ ಮೇಲೆ ಅವಳು ನನ್ನ ಪ್ರೆಸ್ಸಿಗೆ ಬಂದಳು. ಕೂರಲಿಲ್ಲ.

"ಸರ್, ನಮ್ಮ ಅತ್ತಿಯವರ ಫೋನ್ ಬಂದಿತ್ತು. ನಾಟಕದಾಗ ಇದ್ದೀನಿ ಅಂತ ಮೊದಲೇ ಹೇಳಿದ್ದೆ. ಆದ್ರ ಗಂಡಸರಿಗೆ ಲಾಠಿ ತೋರಿಸಿ ಬೈತೇನಿ ಅಂತ ಹೇಳಿರಲಿಲ್ಲ. ಈಗ ಅವರು, ಔರಾದಕ್ಕ ಬರ್ತೇನಿ, ಕಣ್ಣೀಲೆ ನೋಡ್ತೇನಿ, ಆಮ್ಯಾಲ ಮಾಡಬೇಕೋ ಬಿಡಬೇಕೋ ಹೇಳ್ತೇನಿ ಅಂದಾರ."

"ಬಿಡು ಅಂದ್ರ?"

"ಬಿಡ್ತೇನಿ."

ನನಗೆ ಸಿಟ್ಟು ಬಂತು. ಈಗಿನ ಕಾಲದಲ್ಲಿ, ನೌಕರಿ ಮಾಡುವ ಹುಡುಗಿ, ಗಂಡನದೇನೂ ಅಡ್ಡಿಯಿಲ್ಲ, ಎಂದು ಏನೇನೋ ಶುರುಮಾಡಿದೆ. ಅವಳು ಮಧ್ಯದಲ್ಲೇ ತಡೆದಳು.

"ಲಗ್ನ ಆದಾಗ ನಂದು ಕೋರ್ಸ್ ಅರ್ಧ ಇತ್ತು ಸರ್. ಸಾಕು ಬಿಡಿಸ್ರಿ ಅಂತ ಎಲ್ಲಾರೂ ಅಂದ್ರು. ನಮ್ಮ ತವರಮನಿಯವರೂ ಅಂದ್ರು. ಅತ್ತಿ ಒಬ್ಬರೇ ಕೇಳಲಿಲ್ಲ. ತಾವೇ ನನ್ನ ಟ್ರಂಕ್ ಹೊತ್ಕೊಂಡು ಹಾಸ್ಟೆಲ್‌ಗೆ ಬಂದು ಬಿಟ್ಟು ಹೋದ್ರು. ಅವರು ಬ್ಯಾಡ ಅಂದಿದ್ದು ಅವರ ಕಣ್ಣ ತಪ್ಪಿಸಿ ಮಾಡಾಕ ನನಗ ಆಗಂಗಿಲ್ರಿ."

ಅವಳಿಲ್ಲದೆ ಈ ನಾಟಕವಿಲ್ಲ ಎಂಬುದು ನನಗೆ ಗೊತ್ತಿತ್ತು. ಆದರೆ ನನ್ನ ಸಂಕಟ ಬರೀ ನಾಟಕದ್ದಾಗಿರಲಿಲ್ಲ. ಸೂಜಿ ಚುಚ್ಚಿ ಚುಚ್ಚಿ ದಣಿದು ಸಂಜೆ ತಾಲೀಮಿಗೆ ಬರುತ್ತಿದ್ದ ಆ ಹುಡುಗಿ, ಲಾಠಿ ಕೈಗೆ ಬಂದ ತಕ್ಷಣ ಅರಳುವುದನ್ನು ನಾನು ದಿನವೂ ನೋಡಿದ್ದೆ. ಅದು ನಿಂತುಹೋಗಬಹುದು ಎಂಬುದೇ ಎದೆಗೆ ನಾಟಿತು.

"ಜರಾ ಮೆತ್ತಗ ಮಾಡೋಣೇನು, ಔರಾದದಾಗ ಅಷ್ಟ?" ಎಂದೆ.

"ಬ್ಯಾಡ್ರಿ. ನೋಡಾಕ ಬರ್ತಾರ ಅಂದ ಮ್ಯಾಲ ಇದ್ದಿದ್ದೇ ನೋಡಲಿ."

ಔರಾದಕ್ಕೆ ನಾನು ತಯಾರಿ ಮಾಡಿದಷ್ಟು ನನ್ನ ಸ್ವಂತ ಮದುವೆಗೂ ಮಾಡಿರಲಿಲ್ಲ. ಬಸ್ ನಿಲ್ದಾಣದ ಹತ್ತಿರದ ಒಂದು ಫಂಕ್ಷನ್ ಹಾಲು, ತಗಡಿನ ಮಾಡು. ಮಾತು ತಗಡಿಗೆ ಬಡಿದು ಎರಡಾಗಿ ಕೇಳುತ್ತಿತ್ತು. ಸ್ಪೀಕರುಗಳನ್ನು ಗೋಡೆಯಿಂದ ಎಳೆದು, ಕೆಳಗಿಳಿಸಿ, ಜನರ ಎದೆಮಟ್ಟಕ್ಕೆ ತಿರುಗಿಸಿದೆ. ಬಾಡಿಗೆಯ ಶಾಮಿಯಾನಾ ಬಟ್ಟೆಯನ್ನು ಮಾಡಿನ ಕೆಳಗೆ ಅಡ್ಡ ಕಟ್ಟಿಸಿದ ಮೇಲೆ ಪ್ರತಿಧ್ವನಿ ಕಡಿಮೆಯಾಯಿತು. ಮೈಕಿಗೆ ಹೊಸ ಸೆಲ್ ಹಾಕಿದೆ, ಇನ್ನೆರಡು ಜೇಬಿನಲ್ಲಿಟ್ಟುಕೊಂಡೆ. ಹಳ್ಳಿಗಳ ಕಡೆಯ ಬಸ್ಸು ಬೇಗ ನಿಂತುಹೋಗುವುದರಿಂದ ಆಟ ಹೊತ್ತು ಮುಳುಗುವ ಮೊದಲೇ ಶುರುವಾಗಬೇಕೆಂದು ನಿಶ್ಚಯಿಸಿದೆವು.

ಮದುಮಗನ ಜಾಗವನ್ನೂ ಬದಲಿಸಿದೆ. ಇನ್ನು ಅವನು ನೆಂಟರ ನಡುವೆ ಅಡಗುವುದಿಲ್ಲ, ಅವರಿಗೆ ಚಾ ಹಂಚುತ್ತಾನೆ. ಹೆಗಲಿಗೊಂದು ಒರೆಸುವ ಬಟ್ಟೆ, ಕೈಯಲ್ಲಿ ಟ್ರೇ, ಅಷ್ಟೇ ವೇಷ. ಮದುವೆಯಲ್ಲಿ ಚಾ ಬಂತೋ ಇಲ್ಲವೋ ಎಂದು ನೋಡುವವರೇ ಎಲ್ಲರೂ, ತಂದವನ ಮುಖ ನೋಡುವವರು ಯಾರೂ ಇಲ್ಲ. ಕಂಡಕ್ಟರಿಗೆ ಸ್ವಲ್ಪ ಬೇಸರವಾಯಿತು. "ಭಾಲ್ಕಿಯಾಗ ಹೀರೊ, ಇಲ್ಲಿ ಚಾದವನೇನ್ರಿ?" ಎಂದು ಗೊಣಗಿದ.

ಜನ ಬಂದರು. ಪತ್ರಿಕೆ ನೋಡಿ ನಿಜವಾದ ಮದುವೆಯೇ ಎಂದುಕೊಂಡು ಒಬ್ಬ ಯಜಮಾನರು ಟವಲು, ಟೋಪಿ, ತೆಂಗಿನಕಾಯಿ ಸಹಿತ ಆಹೇರಿನ ಉಡುಗೊರೆ ಕೊಡಲು ಬಂದುಬಿಟ್ಟಿದ್ದರು. ನಾಟಕ ಎಂದು ಹೇಳಿದರೂ, "ತಂದದ್ದು ಹ್ಯಾಂಗ ಒಯ್ಯಬೇಕ್ರಿ?" ಎಂದು ನನ್ನ ತಲೆಗೇ ಟೋಪಿ ಇಟ್ಟು ಗಂಡಿನ ಕಡೆಗೆ ಹೋಗಿ ಕೂತರು. ಹುಡುಗಿಯ ಗಂಡ ತನ್ನ ತಾಯಿಯನ್ನು ಬೈಕಿನ ಮೇಲೆ ಕರೆತಂದ. ಸಣಕಲು ದೇಹ, ಹಸಿರು ಇಳಕಲ್ ಸೀರೆ, ತಲೆತುಂಬ ಸೆರಗು, ನೆಟ್ಟಗೆ ನೋಡುವ ಕಣ್ಣು. ಮಗ ಅವರನ್ನು ಮೊದಲ ಸಾಲಿನಲ್ಲಿ ಕೂರಿಸಿ ಹಿಂದೆ ಹೋಗಿ ನಿಂತ. ಅವನು ಅತ್ತ ಹೋದದ್ದೇ, ಗಂಡಸರ ಸಮಕ್ಕೆ ಮುಂದೆ ಕೂರಲು ಒಲ್ಲದೆ, ಅವರು ಎದ್ದು ಹೆಣ್ಣಿನ ಕಡೆಯ ನಡುಸಾಲಿನಲ್ಲಿ ತಮ್ಮೂರಿನ ಗೆಳತಿಯ ಪಕ್ಕ ಹೋಗಿ ಕೂತರು. ಕೂತಲ್ಲಿಂದ ಇಡೀ ಹಾಲನ್ನು ಒಮ್ಮೆ ಅಳೆದರು. ನನ್ನ ಟೋಪಿಯನ್ನೂ ಅಳೆದರು.

ಚಾ ಗಂಡಿನವರಿಗೆ ಹೋಯಿತು, ಹೆಣ್ಣಿನವರು ಎದ್ದರು, ಜಗಳ ಹತ್ತಿಕೊಂಡಿತು. ಒಬ್ಬರು ಕನ್ನಡದಲ್ಲಿ ಬೈದರೆ ಆ ಕಡೆಯಿಂದ ಮರಾಠಿಯಲ್ಲಿ ಉತ್ತರ ಬಂತು. ಹುಡುಗ ಕಾಣೆಯಾದ. ಹುಡುಗಿ ಖಾಕಿ ಪ್ಯಾಂಟು, ಬೆಲ್ಟು, ಟೊಪ್ಪಿಗೆ ಹಾಕಿಕೊಂಡು ಬಂದು ಲಾಠಿ ಕುಟ್ಟಿದಳು. ಸಭೆ ಗಪ್ಪಾಯಿತು. ಅವಳ ದನಿಯಲ್ಲಿ ಒಂದು ಎಳೆಯೂ ಸಡಿಲವಿರಲಿಲ್ಲ. ಗಂಡಿನ ಕಡೆಯ ಇಬ್ಬರನ್ನು ಭಾಲ್ಕಿಯಲ್ಲಿ ಮಾಡಿದ ಹಾಗೆಯೇ ಗದರಿಸಿ ನಿಲ್ಲಿಸಿದಳು. ನಾನು ಕದ್ದು ಅತ್ತೆಯ ಕಡೆ ನೋಡಿದೆ. ಗೆಳತಿ ಬಿದ್ದು ಬಿದ್ದು ನಗುತ್ತಿದ್ದಳು. ಅತ್ತೆಯ ಮುಖದಲ್ಲಿ ಏನೂ ಇರಲಿಲ್ಲ.

"ಹೆಣ್ಣಿನ ಕಡಿಯವರು ಎಲ್ಲಾರೂ ಖುರ್ಚಿ ಕೆಳಗ ಕೈ ಹಾಕ್ರಿ! ಹಳದಿ ದಾರ ಸಿಕ್ಕವರೇ ಮುಖ್ಯ ಸಾಕ್ಷಿ!" ಎಂದು ಕೂಗಿದೆ.

ಬಗ್ಗಿದವರೆಲ್ಲ ಬರಿಗೈಲಿ ಎದ್ದರು. ಅತ್ತೆ ಮಾತ್ರ ನಿಧಾನವಾಗಿ ಬಗ್ಗಿ, ತಡಕಿ, ದಾರವನ್ನು ಎಳೆದು ತೆಗೆದು ಮೇಲೆ ಹಿಡಿದರು.

ಮೂರನೆಯ ಪ್ರಶ್ನೆ ನನಗೆ ನೆನಪಾದದ್ದೇ ಆಗ. ಗಂಡನ ಹೆಸರು. ನಮ್ಮವ್ವ ಬದುಕಿಡೀ ಅಪ್ಪನನ್ನು "ಇವರು" ಎಂದೇ ಕರೆದದ್ದನ್ನು ಕೇಳಿ ಬೆಳೆದವನು ನಾನು. ಅತ್ತೆ ಗಂಡನ ಹೆಸರು ಹೇಳುವಂತಿಲ್ಲ. ಸೊಸೆ ಮಾವನ ಹೆಸರು ಎತ್ತುವಂತೆಯೇ ಇಲ್ಲ. ಇಬ್ಬರ ನಾಲಿಗೆಗೂ ಒಂದೇ ಗಂಟು, ಅದನ್ನು ಹಾಕಿದವನು ಪ್ರಶ್ನೆ ಬರೆದ ನಾನು. ಕೆಮ್ಮಲು ಕೈಯನ್ನು ಬಾಯಿಗೆ ತಂದೆ.

ಹುಡುಗಿ ನನ್ನನ್ನು ನೋಡಿದಳು. ಬೇಡ ಎಂದು ತಲೆಯನ್ನು ತುಸುವೇ ಅಲ್ಲಾಡಿಸಿದಳು. ಕೆಮ್ಮನ್ನು ನುಂಗಿಕೊಂಡು ಮೈಕು ಹಿಡಿದು ಅವಳ ಹಿಂದೆ ಹೋದೆ.

ಹೆಸರು ಕೇಳಿದಳು, ಅತ್ತೆ ಹೇಳಿದರು. ಊರು ಕೇಳಿದಳು, "ಡಾಬಕಾ" ಎಂದರು. ಆಮೇಲೆ ಸ್ವಲ್ಪ ಉಸಿರು ತೆಗೆದುಕೊಂಡು, "ನಿಮ್ಮ ಯಜಮಾನರ ಹೆಸರು ಹೇಳ್ರಿ" ಎಂದಳು.

ಅತ್ತೆ ಸೊಸೆಯನ್ನು ಕಾಲಿನಿಂದ ತಲೆಯವರೆಗೆ ನೋಡಿದರು. ಗೆಳತಿಯ ನಗು ನಿಂತಿತು.

"ಹಂಗ ಬರೇ ಹೆಸರು ಹೇಳಂಗಿಲ್ರಿ ಸಾಹೇಬರ ನಾವು," ಎಂದರು ಅತ್ತೆ. "ಒಡಪು ಹಾಕಿ ಹೇಳಿದ್ರ ನಡೀತದೇನ್ರಿ?"

ಸೊಸೆಗೆ ಸಾಹೇಬರ ಎಂದರು. ರಿ ಹಚ್ಚಿದರು. ಗಂಡನ ಹೆಸರನ್ನು ಪ್ರಾಸದ ಸಾಲಿನೊಳಗೆ ಸೇರಿಸಿ ಹೇಳುವ ಒಡಪನ್ನು ನಮ್ಮ ಕಡೆಯ ಹೆಂಗಸರು ಲಗ್ನಗಳಲ್ಲಿ ಹೇಳುತ್ತಾರೆ. ನನ್ನ ಸುಳ್ಳು ಲಗ್ನಕ್ಕೆ ಅದನ್ನು ಬರೆಯಬೇಕೆಂದು ನನಗೆ ತೋಚಿರಲಿಲ್ಲ. "ನಡೀತದ, ಹೇಳ್ರಿ" ಎಂದಳು ಇನ್‌ಸ್ಪೆಕ್ಟರ್. ಅತ್ತೆ ಸೆರಗು ಸರಿಮಾಡಿಕೊಂಡು ಎದ್ದು ನಿಂತರು.

"ಎಳಿ ಜ್ವಾಳದಾಗ ಕುರಿ ಬಿಟ್ಟು ಬೈಸಿಕೊಂಡು ಬರ್ತಾರ,
ಹೆಗಲಿಗಿ ಕಂಬಳಿ ಹಾಕ್ಕೊಂಡು ಹಗಲೇ ನಿದ್ದಿ ಮಾಡ್ತಾರ,
ಬೀರಪ್ಪನೋರಿಗಿ ಸಿಟ್ಟು ಬಂದ್ರ ಒಂದು ಕಪ್ ಚಾದಾಗ ತಣ್ಣಗಾಗ್ತಾರ!"

ಮುಂದಿನ ಸಾಲಿನ ಹೆಂಗಸರು ಹೋ ಎಂದರು. ಹಿಂದಿನ ಸಾಲಿನವರಿಗೆ ಹೆಸರು ಕೇಳಿಸಿರಲಿಲ್ಲ, ಕತ್ತು ಉದ್ದ ಮಾಡುತ್ತಿದ್ದರು. ಅದನ್ನು ಕಂಡದ್ದೇ ನನ್ನ ನಾಲಿಗೆ, ನನ್ನನ್ನು ಕೇಳದೆ, ರೂಢಿಯ ಮಾತು ಆಡಿಬಿಟ್ಟಿತು:

"ಏನಂದ್ರಿ ಮೇಡಂ? ಹೆಸರು ಕೇಳಸಲಿಲ್ರಿ. ಗಟ್ಟಿ ಹೇಳ್ರಿ, ಬರಕೋತೇನಿ."

ಆಡಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ಹುಡುಗಿಯ ಬಲಗೈ ತಾನಾಗಿಯೇ ಸೆರಗು ಹುಡುಕುತ್ತ ತಲೆಗೆ ಹೋಯಿತು. ಅಲ್ಲಿ ಸೆರಗಿರಲಿಲ್ಲ, ಟೊಪ್ಪಿಗೆ ಇತ್ತು. ಅದನ್ನೇ ತೆಗೆದು ಎದೆಗೆ ಒತ್ತಿಕೊಂಡು, ತಲೆ ತಗ್ಗಿಸಿ ನಿಂತಳು.

ಡಾಬಕಾದ ಗೆಳತಿಗೆ ತಡೆಯಲಾಗಲಿಲ್ಲ. "ಏ, ಅಕಿ ಇವರ ಖಾಸ್ ಸೊಸಿ ಅದಾಳ್ರಿ! ಮಾವನ ಹೆಸರು ಹ್ಯಾಂಗ ಹೇಳ್ತಾಳ್ರಿ ಪಾಪ!"

ಹಾಲಿಗೆ ಹಾಲೇ ತಗಡು ಹಾರಿಹೋಗುವಂತೆ ನಕ್ಕಿತು. "ಪೊಲೀಸ್ ಅದಾಳ, ಹೇಳಬೇಕು!" ಎಂದರು ಗಂಡಿನ ಕಡೆಯವರು. "ಹೇಳಬಾರದು! ಮಾವನ ಹೆಸರು ಹೇಳಿಸ್ತೀರೇನು, ಮನಿತನ ಇಲ್ಲದವರ್ಯಾ!" ಎಂದು ಹೆಣ್ಣಿನ ಕಡೆಯವರು ಎದ್ದರು. ಚಾದ ಜಗಳ ಈ ಜಗಳದ ಮುಂದೆ ಏನೂ ಅಲ್ಲ. ನಾನು ನಡುವೆ ನಿಂತು, ಈ ಹುಡುಗಿಯನ್ನು ಇದರಿಂದ ಹೇಗೆ ಎತ್ತಲಿ ಎಂದು ತೋಚದೆ ಬೆವರುತ್ತಿದ್ದೆ.

ಅವಳೇ ತಲೆಯೆತ್ತಿದಳು. ಟೊಪ್ಪಿಗೆಯನ್ನು ಕಂಕುಳಿಗೆ ಸಿಕ್ಕಿಸಿ, ನನ್ನ ಕೈಯಿಂದ ಮೈಕು ಕಿತ್ತುಕೊಂಡು, ಲಾಠಿಯನ್ನು ಮೇಲಕ್ಕೆತ್ತಿ, "ಗಪ್! ಈ ಕಾನ್‌ಸ್ಟೇಬಲ್ ಕಿವುಡ ಇದ್ದಾನ. ನಾ ಒಬ್ಬಾಕಿ ಹೇಳಿದ್ರ ಕೇಳಂಗಿಲ್ಲ. ಸಾಕ್ಷಿ ಏನು ಹೇಳಿದ್ರು, ಎಲ್ಲಾರೂ ಕೂಡಿ ಹೇಳ್ರಿ ಇವಗ!" ಎಂದಳು.

"ಬೀರಪ್ಪ!" ಎಂದರು ಮುಂದಿನವರು.

"ಏನಂದ್ರಿ?" ಎಂದು ಕಿವಿಗೆ ಕೈಯಿಟ್ಟೆ.

"ಬೀರಪ್ಪಾ!" ಇಡೀ ಹಾಲು ಕೂಗಿತು. ಗಂಡು ಹೆಣ್ಣು ಎರಡೂ ಕಡೆ, ಟೋಪಿ ತಂದ ಯಜಮಾನರು, ಟ್ರೇ ಹಿಡಿದಿದ್ದ ನಮ್ಮ ಮದುಮಗ, ಎಲ್ಲರೂ. ಬಾಗಿಲಲ್ಲಿ ನಿಂತಿದ್ದ ಅವಳ ಗಂಡ ಕೂಡ ತನ್ನಪ್ಪನ ಹೆಸರನ್ನು ಗಂಟಲು ಹರಿಯುವಂತೆ ಕೂಗಿದ. ಅತ್ತೆ ಸೆರಗನ್ನು ಬಾಯಿಗೆ ಒತ್ತಿಕೊಂಡು ಕುಸಿದು ಕೂತರು. ಭುಜ ಕುಣಿಯುತ್ತಿತ್ತು. ನಗುತ್ತಿದ್ದಾರೋ ಅಳುತ್ತಿದ್ದಾರೋ ನನಗೆ ತಿಳಿಯಲಿಲ್ಲ.

ಉಳಿದ ಆಟ ನೀರಿನಂತೆ ಹರಿಯಿತು. ಚಾದವನೇ ಮದುಮಗ ಎಂದು ಗೊತ್ತಾದಾಗ ಜನ ತಲೆ ತಲೆ ಚಚ್ಚಿಕೊಂಡು ಚಪ್ಪಾಳೆ ತಟ್ಟಿದರು. ನನ್ನ ಕಿವಿಗೆ ಆ ಚಪ್ಪಾಳೆ ಬೀಳಲಿಲ್ಲ. ಅತ್ತೆಯ ತೀರ್ಪು ಇನ್ನೂ ಬಂದಿರಲಿಲ್ಲ.

ಜನ ಬಸ್ಸಿಗೆ ಓಡಿದರು. ಹುಡುಗಿ ಮುಖ ತೊಳೆದು, ಸೀರೆ ಉಟ್ಟು, ತಲೆಯ ಮೇಲೆ ಸೆರಗು ಹೊದ್ದು ಬಂದಳು. ಅತ್ತೆ ಅದೇ ಕುರ್ಚಿಯಲ್ಲಿ ಕೂತಿದ್ದರು. ಹೊರಗೆ ಮಗ ಬೈಕು ಶುರುಮಾಡಿದ್ದ. ನಾನು ವೈರು ಸುತ್ತುವ ನೆಪದಲ್ಲಿ ಹತ್ತಿರವೇ ಇದ್ದೆ, ಸುತ್ತಿದ್ದನ್ನೇ ಬಿಚ್ಚಿ ಮತ್ತೆ ಸುತ್ತುತ್ತಿದ್ದೆ. ಅವಳು ಬಗ್ಗಿ ಅತ್ತೆಯ ಕಾಲು ಮುಟ್ಟಿದಳು.

"ಎಲ್ಲಾ ಛಲೋ ಆಯ್ತು," ಎಂದರು ಅತ್ತೆ. "ಒಂದು ತಪ್ಪು ಮಾಡಿದಿ."

"ಏನ್ರಿ ಅತ್ತಿ?"

"ಟೊಪಗಿ ಯಾಕ ತೆಗದಿ?"

"ನೀವಿದ್ರಿ... ಮಾವನವರ ಹೆಸರು..."

"ನಾ ಇದ್ರ ಏನಾಯ್ತು? ನಾ ನಿನಗ ಸಾಹೇಬರ ಅಂದಿಲ್ಲೇನು?" ಅತ್ತೆ ಎದ್ದು ನಿಂತು ಸೊಸೆಯ ಗಲ್ಲ ಹಿಡಿದರು. "ಪೊಲೀಸ್ ಅಂದ ಮ್ಯಾಲ ಪೊಲೀಸ್. ಮುಂದಿನ ಸಲ ನಿಮ್ಮ ಮಾವನ್ನ ಕರ್ಕೊಂಡು ಬರ್ತೇನಿ. ಅವರ ಮುಂದನೂ ತೆಗಿಬ್ಯಾಡ."